ನಾರ್ವೆ ನೋಡಿ ಬಂದ ಕಣ್ಣಿಗೆ ವಜ್ರಳ್ಳಿ

ಯಲ್ಲಾಪುರ ತಾಲೂಕಿನ ವಜ್ರಳ್ಳಿ, ಇಡಗುಂದಿ, ಕಳಚೆ ಸೀಮೆಯಲ್ಲಿ ಈಗ ಒಂದು ಮಾತು ಉಪನಯನದ ಊಟದ ಪಂಕ್ತಿಯಿಂದ ಸೊಸೈಟಿಯ ಜಗುಲಿಯ ತನಕ ಸಲೀಸಾಗಿ ಓಡಾಡುತ್ತಿದೆ. ಮಕ್ಕಳಿಗೆ ನಿಜವಾದ ಪ್ರಕೃತಿ ತೋರಿಸಬೇಕೆಂದರೆ ಯುರೋಪಿನ ಉತ್ತರದ ತುದಿಗೆ ಕರೆದುಕೊಂಡು ಹೋಗಬೇಕು, ನಮ್ಮಲ್ಲಿ ನೋಡಲಿಕ್ಕೆ ಎಂತದಿದೆ ಎಂಬ ಮಾತು ಅದು. ಬೆಂಗಳೂರಿನಲ್ಲೋ ಜರ್ಮನಿಯಲ್ಲೋ ಸ್ವೀಡನ್ನಿನಲ್ಲೋ ಕೆಲಸಕ್ಕಿರುವ ಮಕ್ಕಳು ರಜೆಗೆ ಊರಿಗೆ ಬರುವ ಬದಲು ಅಪ್ಪ–ಅಮ್ಮನನ್ನೇ ಅಲ್ಲಿಗೆ ಕರೆಸಿಕೊಂಡು, ಮೊಮ್ಮಕ್ಕಳ ಜೊತೆ ಟ್ರೋಮ್ಸೊಗೋ ರೊವಾನಿಯೆಮಿಗೋ ಹೋಗಿಬರುವುದು ಈಗ ಅಪರೂಪದ ಸಂಗತಿಯೇನಲ್ಲ. ಹೋಗಲಿ, ಸಂತೋಷ. ನನ್ನ ತಕರಾರು ಪ್ರಯಾಣದ ಮೇಲಲ್ಲ, ಅಲ್ಲಿಂದ ಹೊತ್ತು ತರುವ ತೀರ್ಮಾನದ ಮೇಲೆ. ಅಲ್ಲಿಯ ಪ್ರಕೃತಿ ಯಾರೂ ಮುಟ್ಟದೆ ಉಳಿದದ್ದು, ಅಲ್ಲಿಯ ಜನ ಹುಟ್ಟಿನಿಂದಲೇ ಪ್ರಕೃತಿಪ್ರಿಯರು, ನಮ್ಮದು ಕೆಟ್ಟು ಹೋದದ್ದು, ಇಲ್ಲಿ ಇನ್ನು ಉಳಿಸುವಂಥದ್ದೇನೂ ಇಲ್ಲ ಎಂಬ ಈ ತೀರ್ಮಾನ ತಪ್ಪು. ತಪ್ಪಾಗಿರುವುದರ ಜೊತೆಗೆ, ಬೇಡ್ತಿ ಕೊಳ್ಳದಲ್ಲಿ ಬದುಕುವವರ ಕಾಲಡಿಯ ಮಣ್ಣನ್ನು ಅದು ಮೆಲ್ಲಗೆ ಸಡಿಲಗೊಳಿಸುತ್ತಿದೆ.

ಮೊದಲು 'ಮುಟ್ಟದ ಪ್ರಕೃತಿ' ಎಂಬುದನ್ನೇ ಹಿಡಿಯೋಣ. ನಾರ್ವೆ, ಸ್ವೀಡನ್, ಫಿನ್ಲೆಂಡುಗಳ ಉತ್ತರ ಭಾಗ ಮತ್ತು ರಷ್ಯಾದ ಕೋಲಾ ಪರ್ಯಾಯದ್ವೀಪ ಸೇರಿದರೆ ಅದು ಸಾಮಿ ಜನರ ನಾಡು. ಅವರ ಭಾಷೆಯಲ್ಲಿ ಅದಕ್ಕೆ ಸಾಪ್ಮಿ ಎಂದು ಹೆಸರು. ಬಸ್ಸಿನ ಕಿಟಕಿಯಿಂದ ಬೋಳುಬೋಳಾಗಿ, ಖಾಲಿಯಾಗಿ ಕಾಣುವ ಗುಡ್ಡ ಒಂದು ಕುಟುಂಬದ ಹಿಮಸಾರಂಗಗಳು ಬೇಸಿಗೆಯಲ್ಲಿ ಮೇಯುವ ಜಾಗ. ಚಳಿಗಾಲಕ್ಕೆ ಅವು ಒಳನಾಡಿಗೆ ಇಳಿದು, ಹಿಮ ಕೆದರಿ ಕಲ್ಲುಹೂವು ತಿನ್ನುತ್ತವೆ. ಹೀಗೆ ಓಡಾಡುವ ದಾರಿಗೆ, ನದಿ ದಾಟುವ ಜಾಗಕ್ಕೆ, ಕರು ಹಾಕುವ ಇಳಿಜಾರಿಗೆ ಒಂದೊಂದಕ್ಕೂ ಹೆಸರಿದೆ, ಹಕ್ಕುದಾರರಿದ್ದಾರೆ. ಆ ಹೆಸರುಗಳನ್ನೂ ಭಾಷೆಯನ್ನೂ ಅಳಿಸಲು ನಾರ್ವೆ ಸರ್ಕಾರ ತಲೆಮಾರುಗಟ್ಟಲೆ ಶಾಲೆಗಳನ್ನೇ ಬಳಸಿತು. 1997ರಲ್ಲಿ ದೊರೆ ಐದನೇ ಹರಾಲ್ಡ್ ಸಾಮಿ ಸಂಸತ್ತಿನಲ್ಲಿ ನಿಂತು ಇದಕ್ಕಾಗಿ ಕ್ಷಮೆ ಕೇಳಬೇಕಾಯಿತು. 2023ರ ಜೂನ್‌ನಲ್ಲಿ ಸತ್ಯಶೋಧನಾ ಆಯೋಗವೊಂದು ಈ ಅನ್ಯಾಯದ ಪೂರ್ತಿ ವರದಿಯನ್ನು ನಾರ್ವೆಯ ಸಂಸತ್ತಿಗೆ ಒಪ್ಪಿಸಿತು. ಸ್ವೀಡನ್ನಿನ ಕಿರುನಾಕ್ಕೆ ಬನ್ನಿ. ಪ್ರವಾಸಿಗಳು ಹತ್ತಿರದ ಯೂಕಸ್‌ಯಾರ್ವಿಯ ಮಂಜುಗಡ್ಡೆಯ ಹೋಟೆಲಿನಲ್ಲಿ ಮಲಗಿ ಎದ್ದು ಬರುತ್ತಾರೆ. ಅದೇ ಕಿರುನಾದಲ್ಲಿ ನೆಲದಡಿಯ ಕಬ್ಬಿಣದ ಅದಿರಿನ ಗಣಿ ಊರಿನ ಬುಡವನ್ನೇ ತಿಂದು, ಊರಿಗೆ ಊರನ್ನೇ ಪಕ್ಕಕ್ಕೆ ಸರಿಸಬೇಕಾಗಿ ಬಂದಿದೆ. 2025ರ ಆಗಸ್ಟ್‌ನಲ್ಲಿ ಅಲ್ಲಿಯ 1912ರ ಮರದ ಚರ್ಚನ್ನು, ಸುಮಾರು 672 ಟನ್ ತೂಕದ ಇಡೀ ಕಟ್ಟಡವನ್ನು, ಗಾಲಿಯ ಮೇಲೆ ಏರಿಸಿ 5 ಕಿಲೋಮೀಟರ್ ಆಚೆ ಒಯ್ದರು. ಇನ್ನು ನಾರ್ವೆ ಉರಿಸುವ ವಿದ್ಯುತ್ತಿನ ಬಹುಪಾಲು ಬರುವುದು ಜಲವಿದ್ಯುತ್ತಿನಿಂದ. ಅಂದರೆ ಅಲ್ಲಿಯೂ ಎಷ್ಟೋ ಜಲಪಾತಗಳು ಕೊಳವೆಯೊಳಗೆ ಇಳಿದಿವೆ. ನಮ್ಮ ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾಗಳಲ್ಲಿ ಆದದ್ದು ಅಲ್ಲಿಯೂ ಆಗಿದೆ. ಹಾಗಿರುವಾಗ 'ಮುಟ್ಟದ' ಎಂಬ ಮಾತಿಗೆ ಆಧಾರವೆಲ್ಲಿ?

ಈಗ ಎರಡು ನದಿಗಳ ಕತೆಯನ್ನು ಪಕ್ಕಪಕ್ಕ ಇಟ್ಟು ನೋಡಬೇಕು, ಏಕೆಂದರೆ ಇಡೀ ವಾದದ ತಿರುಳು ಅಲ್ಲಿದೆ. ನಾರ್ವೆಯ ಉತ್ತರ ತುದಿಯ ಫಿನ್‌ಮಾರ್ಕಿನಲ್ಲಿ ಆಲ್ತಾ ನದಿಗೆ ಅಣೆಕಟ್ಟು ಕಟ್ಟುವ ಯೋಜನೆ ಹೊರಟಾಗ, ಮೊದಲ ನಕ್ಷೆಯ ಪ್ರಕಾರ ಮಾಝೆ ಎಂಬ ಸಾಮಿ ಹಳ್ಳಿ ಮುಳುಗಬೇಕಿತ್ತು. ಜನ ಎದ್ದರು, ಹಳ್ಳಿ ನಕ್ಷೆಯಿಂದ ಹೊರಗುಳಿಯಿತು, ಆದರೆ ಅಣೆಕಟ್ಟು ಬಿಡಲಿಲ್ಲ. 1979ರಲ್ಲಿ ಸಾಮಿ ಯುವಕರು ಓಸ್ಲೋದ ಸಂಸತ್ ಭವನದ ಎದುರು ತಮ್ಮ ಗುಡಾರ ಹಾಕಿ ಉಪವಾಸ ಕೂತರು. 1981ರ ಜನವರಿಯ ಕೊರೆಯುವ ಚಳಿಯಲ್ಲಿ, ರಸ್ತೆಗೆ ಅಡ್ಡ ಕೂತವರನ್ನು ಎತ್ತಿಹಾಕಲು ಸರ್ಕಾರ ಸುಮಾರು 600 ಪೊಲೀಸರನ್ನು ಕಳಿಸಿತು. 1982ರಲ್ಲಿ ಸುಪ್ರೀಂ ಕೋರ್ಟು ಸರ್ಕಾರದ ಪರ ತೀರ್ಪು ಕೊಟ್ಟಿತು, 1987ರ ಹೊತ್ತಿಗೆ ಅಣೆಕಟ್ಟು ಎದ್ದು ನಿಂತಿತು. ಇದೇ ವರ್ಷಗಳಲ್ಲಿ ನಮ್ಮ ಬೇಡ್ತಿಗೂ ಅಣೆಕಟ್ಟಿನ ಯೋಜನೆ ಬಂದಿತ್ತು. ಮಾಗೋಡಿನಲ್ಲಿ ಸುಮಾರು 200 ಮೀಟರ್ ಧುಮುಕಿ ಮುಂದೆ ಗಂಗಾವಳಿಯಾಗುವ ನದಿ ಇದು. ಕಾಡೂ ತೋಟವೂ ಮುಳುಗುವ ಲೆಕ್ಕ ಕೈಗೆ ಸಿಕ್ಕಾಗ ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ, ಅಡಿಕೆ ಮಾರಾಟಕ್ಕೆಂದು 1923ರಲ್ಲಿ ಹುಟ್ಟಿದ ಸಹಕಾರಿ ಸಂಘ, ವಿಜ್ಞಾನಿಗಳನ್ನು ಕರೆಸಿ ಎದುರು ಕೂರಿಸಿತು. ಯೋಜನೆಯಿಂದ ಬರುವುದೆಷ್ಟು, ಹೋಗುವುದೆಷ್ಟು ಎಂದು ಲೆಕ್ಕ ಕೇಳಿತು. ಅಡಿಕೆ ವಹಿವಾಟಿನ ಖಾತೆ ಬರೆಯುವವರು ಸರ್ಕಾರದ ಖಾತೆಯನ್ನು ತಿರುವಿಹಾಕಿದ ಆ ಘಟನೆ ಈ ದೇಶದ ಪರಿಸರ ಚಳವಳಿಯಲ್ಲೇ ದೊಡ್ಡದು. ಯೋಜನೆ ಕೈಬಿಟ್ಟುಹೋಯಿತು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕೊಡಲಿಗೆ ಅಡ್ಡ ನಿಂತು ಮರ ಅಪ್ಪಿಕೊಂಡದ್ದೂ ಅದೇ ಕಾಲದ ಮಾತು.

ಅಂದರೆ ಬೇಡ್ತಿಯವರು ನದಿಯನ್ನು ಉಳಿಸಿಕೊಂಡರು, ಆಲ್ತಾದವರು ಕಳೆದುಕೊಂಡರು. ಹಾಗಿದ್ದೂ ನಲವತ್ತು ವರ್ಷಗಳ ಮೇಲೆ ಇಲ್ಲಿಯವರು ಅಲ್ಲಿಗೆ ಹೋಗಿ 'ಆಹಾ, ಇವರು ಹೇಗೆ ಉಳಿಸಿಕೊಂಡಿದ್ದಾರೆ' ಎಂದು ಬೆರಗಾಗುತ್ತಿದ್ದಾರೆ. ಇದು ಹೇಗಾಯಿತು? ಸೋತವರು ಸೋಲಿನಿಂದ ಒಂದು ಹಕ್ಕನ್ನು ಹಿಂಡಿ ತೆಗೆದರು. ಆಲ್ತಾದ ಜಗಳದ ಫಲವಾಗಿಯೇ 1987ರಲ್ಲಿ ಸಾಮಿ ಕಾಯಿದೆ ಬಂತು, 1989ರಲ್ಲಿ ಸಾಮಿ ಸಂಸತ್ತು ಶುರುವಾಯಿತು, 2005ರ ಫಿನ್‌ಮಾರ್ಕ್ ಕಾಯಿದೆಯಿಂದ ಆ ಸೀಮೆಯ ನೆಲದ ಹೆಚ್ಚಿನ ಪಾಲು ಅಲ್ಲಿಯವರೇ ಕೂತು ನಡೆಸುವ ಸಂಸ್ಥೆಯ ಕೈಗೆ ಬಂತು. ಗೆದ್ದವರಾದ ನಾವು ಗೆಲುವನ್ನು ಯಾವ ಕಾಯಿದೆಯೊಳಗೂ ಕಟ್ಟಿಡಲಿಲ್ಲ, ಶಾಲೆಯ ಪಾಠದೊಳಗೂ ತರಲಿಲ್ಲ. ವಜ್ರಳ್ಳಿಯಿಂದ ಹೋಗಿ ಬೆಂಗಳೂರಲ್ಲಿ ಬೆಳೆದ ಹುಡುಗಿಗೆ ಹಿಮಸಾರಂಗ ಗೊತ್ತು, ತನ್ನ ಅಜ್ಜನ ಕಾಲದಲ್ಲಿ ಬೇಡ್ತಿಗೆ ಎಂಥ ಜಗಳವಾಗಿತ್ತೆಂದು ಗೊತ್ತಿಲ್ಲ. ಕಾಯಿದೆಯೂ ನೆನಪೂ ಇಲ್ಲದ ಕಡೆ ಯೋಜನೆ ಮತ್ತೆ ಬರುತ್ತದೆ. ಬೇಡ್ತಿಯ ನೀರನ್ನು ವರದೆಗೆ ತಿರುಗಿಸುವ ನದಿ ಜೋಡಣೆಯ ಪ್ರಸ್ತಾಪ ಹಾಗೆಯೇ ಬಂದಿದೆ. ಅದರ ಎದುರು ಸ್ವರ್ಣವಲ್ಲೀ ಮಠದ ಗಂಗಾಧರೇಂದ್ರ ಸರಸ್ವತೀ ಸ್ವಾಮೀಜಿಯವರೂ ಕೊಳ್ಳ ಸಂರಕ್ಷಣಾ ಸಮಿತಿಯವರೂ ಮತ್ತೆ ಅ ಆ ಇ ಈ ಯಿಂದ ಜನರಿಗೆ ವಿಷಯ ಹೇಳಬೇಕಾಗಿ ಬಂದಿದೆ. 'ಇಲ್ಲಿ ಎಂತದಿದೆ' ಎಂಬ ಮಾತು ಯೋಜನೆ ತರುವವರಿಗೆ ಬೇಕಾದ ಮಾತೇ. ಊರಿನವರೇ ಖಾಲಿ ಎಂದ ಮೇಲೆ ಮುಳುಗಿಸಲು, ಕೊರೆಯಲು, ಹೊರಗಿನವರಿಗೆ ಇನ್ನೇನು ಸಂಕೋಚ?

ಇದು ಬರೀ ಮಾತಿನ ಭಯ ಎನ್ನುವವರು ಕಳಚೆಯನ್ನು ನೆನೆಯಲಿ. 2021ರ ಜುಲೈ ಕೊನೆಯ ಮಳೆಗೆ ಕಳಚೆಯ ಗುಡ್ಡ ಜಾರಿತು. ತಲೆಮಾರುಗಳ ಅಡಿಕೆ ತೋಟ ಮರ ಸಮೇತ ಕೆಳಕ್ಕೆ ಹೋಯಿತು, ಅರಬೈಲ್ ಘಟ್ಟದಲ್ಲಿ ಹೆದ್ದಾರಿ ಕುಸಿಯಿತು. ಹೊಸ ಮುಖ್ಯಮಂತ್ರಿ ಅಧಿಕಾರ ವಹಿಸಿಕೊಂಡ ಮರುದಿನವೇ ಜಿಲ್ಲೆಗೆ ಧಾವಿಸಿ ಬಂದರು. ಗುಡ್ಡ ಜಾರುವುದಕ್ಕೆ ಅತಿಮಳೆ, ಮಣ್ಣಿನ ಗುಣ, ಇಳಿಜಾರು, ನೆಲದ ಬಳಕೆ ಎಂದು ಹಲವು ಕಾರಣ ಸೇರುತ್ತವೆ, ಒಂದನ್ನೇ ಹಿಡಿದು ಆರೋಪಿಸುವುದು ಸರಿಯಲ್ಲ. ನನ್ನ ಪ್ರಶ್ನೆ ಆಮೇಲಿನದು. ಜಾರಿದ ಗುಡ್ಡದ ಪಕ್ಕದಲ್ಲಿ ಇರಬೇಕೋ, ಬಿಟ್ಟು ಹೋಗಬೇಕೋ, ಹೋಗುವುದಾದರೆ ಎಲ್ಲಿಗೆ, ತೋಟಕ್ಕೆ ಬದಲು ಏನು ಎಂದು ಕೇಳುತ್ತಿದ್ದ ಆ ಊರಿನವರ ಜೊತೆ ನಿಲ್ಲಬೇಕಾದವರು ಮೊದಲು ಯಾರು? ಊರು ಬಿಟ್ಟು ಓದಿ, ಕಚೇರಿಯ ಭಾಷೆ ಬಲ್ಲ, ನಾಲ್ಕು ದೇಶದ ಕಾನೂನು ನೋಡಿದ ಅದೇ ಊರಿನ ಮಕ್ಕಳು. ಅವರ ಕಣ್ಣಿಗೆ ಊರು ಮುಗಿದ ಅಧ್ಯಾಯವಾದರೆ ಕಳಚೆಯ ಅರ್ಜಿ ತಾಲೂಕು ಕಚೇರಿಯ ಕಪಾಟಿನಲ್ಲಿ ಇನ್ನೊಂದು ಕಾಗದವಾಗುತ್ತದೆ.

ಇನ್ನು ಕುಟುಂಬದ ಮಾತು. ಕುಟುಂಬವೆಲ್ಲ ಒಟ್ಟಿಗೆ ಪ್ರಕೃತಿಯ ನಡುವೆ ಇರುವುದೇ ಈ ಪ್ರವಾಸದ ಉದ್ದೇಶ ಎನ್ನುತ್ತಾರೆ. ಒಳ್ಳೆಯ ಉದ್ದೇಶ. ಆದರೆ ಪಂಚಾಂಗ ತೆಗೆದು ನೋಡಿ. ಟ್ರೋಮ್ಸೊದಲ್ಲಿ ಸೂರ್ಯ ಮುಳುಗದಿರುವುದು ಮೇ 20ರ ಸುಮಾರಿನಿಂದ ಜುಲೈ 22ರ ಸುಮಾರಿನ ತನಕ. ನಮ್ಮ ತೋಟಗಳಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯುವ, ಕೊನೆಗೆ ಕೊಟ್ಟೆ ಕಟ್ಟುವ ಕಾಲ ಸರಿಯಾಗಿ ಅದೇ. ಆಕಾಶದಲ್ಲಿ ಹಸಿರು ಬೆಳಕು ಕುಣಿಯುವುದನ್ನು ನೋಡಲು ಹೋಗುವುದು ಚಳಿಗಾಲದಲ್ಲಿ, ಅದು ನಮ್ಮಲ್ಲಿ ಕೊಯ್ಲು, ಸುಲಿತ, ಬೇಯಿಸುವ ಕೆಲಸ ತಲೆಯ ಮೇಲೆ ಕೂತಿರುವ ಹೊತ್ತು. ಮದ್ದಿನ ದಿನ ಹೇಗಿರುತ್ತದೆಂದು ಒಮ್ಮೆ ಹತ್ತಿರದಿಂದ ನೋಡಬೇಕು. ಒಂದು ಡ್ರಮ್ಮಿನಲ್ಲಿ ಮೈಲುತುತ್ತ ಕರಗಿರುತ್ತದೆ, ಇನ್ನೊಂದರಲ್ಲಿ ಸುಣ್ಣ. ಎರಡನ್ನೂ ಕೂಡಿಸುವಾಗ ನೀರು ಆಕಾಶನೀಲಿಗೆ ತಿರುಗುತ್ತದೆ. ನೂರು ಲೀಟರಿಗೆ ಒಂದೊಂದು ಕಿಲೋದ ಲೆಕ್ಕ. ಕೂಡಿಸಿದ ಮೇಲೆ ಕತ್ತಿಯ ಅಲಗನ್ನು ಅದ್ದಿ ತೆಗೆಯುತ್ತಾರೆ, ಕಬ್ಬಿಣಕ್ಕೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದು ಅರ್ಥ. ಕೊನೆಗೌಡ ಮರದ ತುದಿಯಲ್ಲಿ ಕೂತು, ಮರವನ್ನೇ ಬಾಗಿಸಿ ಪಕ್ಕದ ಮರ ಹಿಡಿದು, ಕೆಳಗಿಳಿಯದೆ ಸಾಲು ಮುಗಿಸುತ್ತಾನೆ. ಮೋಡ ಯಾವ ಗುಡ್ಡದ ಮೇಲೆ ಕಟ್ಟಿದೆ, ಮದ್ದು ಒಣಗುವಷ್ಟು ಹೊತ್ತು ಹೊಳವು ಸಿಗುತ್ತದೋ ಎಂದು ಕೆಳಗೆ ನಿಂತ ಮನೆಯವರೆಲ್ಲ ತಲೆ ಎತ್ತಿ ನೋಡುತ್ತಿರುತ್ತಾರೆ. ಮಗುವಿಗೆ ಮಳೆ, ಶಿಲೀಂಧ್ರ, ಲೋಹ, ಮರ, ಮನುಷ್ಯನ ಧೈರ್ಯ ಇಷ್ಟನ್ನೂ ಒಂದೇ ಬೆಳಗಿನಲ್ಲಿ ತೋರಿಸುವ ಪಾಠ ಇದಕ್ಕಿಂತ ಬೇರೆ ಯಾವುದಿದೆ?

ಸಾಮಿ ಜನರ ಮಕ್ಕಳು ಆ ಮುಳುಗದ ಸೂರ್ಯನ ಕೆಳಗೆ ಏನು ಮಾಡುತ್ತಾರೆಂದು ಕೇಳಿದರೆ ಈ ಮಾತು ಇನ್ನೂ ಗಟ್ಟಿಯಾಗುತ್ತದೆ. ಅದು ಹಿಮಸಾರಂಗದ ಕರುಗಳಿಗೆ ಕಿವಿಗುರುತು ಹಾಕುವ ಕಾಲ. ಹಗಲಿನ ಸೆಕೆಗೆ ಕರುಗಳು ಬಳಲುತ್ತವೆಂದು ತಂಪಿರುವ ರಾತ್ರಿಯಲ್ಲೇ ಹಿಂಡನ್ನು ಬೇಲಿಯೊಳಗೆ ಕೂಡುತ್ತಾರೆ. ಅಜ್ಜ, ಅಜ್ಜಿ, ಮೊಮ್ಮಕ್ಕಳು ಎಲ್ಲರೂ ಅಲ್ಲಿರುತ್ತಾರೆ. ಮಕ್ಕಳಿಗೂ ಅವರದೇ ಆದ ಗುರುತು ಇರುತ್ತದೆ, ಹಗ್ಗ ಬೀಸಿ ಕರು ಹಿಡಿಯುವುದನ್ನು ಅಲ್ಲಿಯೇ ಕಲಿಯುತ್ತಾರೆ. ಉತ್ತರದ ತುದಿಯ ಕುಟುಂಬ ರಜೆ ಎಂದರೆ ನಿಜಕ್ಕೂ ಅದು. ನಮ್ಮವರು ಅದೇ ರಾತ್ರಿ ಹೋಟೆಲಿನ ದಪ್ಪ ಪರದೆ ಎಳೆದು ಮಲಗಿರುತ್ತಾರೆ, ಊರಿನಲ್ಲಿ ಅದಕ್ಕೆ ಸಮನಾದ ಕೆಲಸವನ್ನು ಎಪ್ಪತ್ತು ದಾಟಿದ ಇಬ್ಬರು ಆಳು ಹುಡುಕಿಕೊಂಡು ಮಾಡುತ್ತಿರುತ್ತಾರೆ. ತೋಟ ನಡೆಸುವ ಮನೆಯ ಅಪ್ಪ–ಅಮ್ಮನನ್ನು ಆ ಕಾಲದಲ್ಲಿ ಅಲ್ಲಿಗೆ ಕರೆಸಿಕೊಳ್ಳುವುದೂ ಸುಲಭವಲ್ಲ. ಹೋದರೆ ಆ ವರ್ಷದ ಬೆಳೆಯನ್ನು ಮಳೆಯ ದಯೆಗೆ ಬಿಟ್ಟು ಹೋಗಬೇಕು.

ಇದಕ್ಕೆ ಬರುವ ಮೊದಲ ಆಕ್ಷೇಪ: ಅವರವರ ದುಡಿಮೆ, ಅವರವರ ಖರ್ಚು, ಹೊರಗಿನದನ್ನು ನೋಡಿ ಕಲಿಯಬಾರದೇ? ಖಂಡಿತ ಕಲಿಯಬೇಕು. ಮೇಲೆ ಹೇಳಿದ ಆ ನೀಲಿ ಮದ್ದೇ ಯುರೋಪಿನದು. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ್ದನ್ನು, ಮೈಸೂರು ಸರ್ಕಾರದ ಕೆಲಸಕ್ಕೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆಗೆ ಹೊಂದಿಸಿದರು. ಶತಮಾನ ಕಳೆದರೂ ನಮ್ಮ ತೋಟ ನಿಂತಿರುವುದು ಆ ವಿದ್ಯೆಯ ಮೇಲೆ. ಕೋಲ್ಮನ್ ಮೊದಲು ಇಲ್ಲಿಯ ಕೊಳೆತ ಕಾಯಿಯನ್ನು ನೋಡಿದರು, ಆಮೇಲೆ ಹೊರಗಿನ ಮದ್ದನ್ನು ತಂದರು. ಶಿವರಾಮ ಕಾರಂತರೂ ಯುರೋಪು ಸುತ್ತಿ ಬಂದು 'ಅಪೂರ್ವ ಪಶ್ಚಿಮ' ಬರೆದವರು. ಅವರೇ 1989ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಈ ಜಿಲ್ಲೆಯಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ದೂರ ನೋಡಿದ ಕಣ್ಣು ಕಾಳಿ ಕಣಿವೆಯನ್ನು ಸಣ್ಣದು ಮಾಡಲಿಲ್ಲ. ನೋಡಿ ಬರುವುದೆಂದರೆ ಇದು.

ಎರಡನೆಯ ಆಕ್ಷೇಪ ಸ್ವಚ್ಛತೆಯದು, ಮತ್ತು ಅದರಲ್ಲಿ ಸತ್ಯವಿದೆ. ಭಾನುವಾರ ಸಂಜೆ ಸಾತೊಡ್ಡಿಯಲ್ಲೋ ಮಾಗೋಡಿನಲ್ಲೋ ಬಿದ್ದಿರುವ ಬಾಟಲಿ, ಕುರುಕಲು ತಿಂಡಿಯ ಪ್ಯಾಕೆಟ್ಟು ನೋಡಿದರೆ ಯಾರಿಗೂ ಹೊಟ್ಟೆ ಉರಿಯುತ್ತದೆ. ಆದರೆ ನಾರ್ವೆಯ ಕಾಡು ಚೊಕ್ಕವಾಗಿರುವುದು ರಕ್ತದ ಗುಣದಿಂದಲ್ಲ. 1957ರ ಹೊರಾಂಗಣ ಕಾಯಿದೆಯಲ್ಲಿ ಅಲ್ಲಿ ಪ್ರತಿಯೊಬ್ಬನಿಗೂ ಬಯಲಿನಲ್ಲಿ ನಡೆದಾಡುವ ಹಕ್ಕಿದೆ, ಅದರ ಜೊತೆಗೇ ಮನೆಯಿಂದ 150 ಮೀಟರ್ ದೂರ ಗುಡಾರ ಹಾಕಬೇಕೆಂಬ ಕಟ್ಟಳೆಯೂ ಇದೆ. ಹಕ್ಕೂ ಕಟ್ಟಳೆಯೂ ಒಂದೇ ಹಾಳೆಯಲ್ಲಿ ಬರೆದಿರುವುದರಿಂದ ಜನ ಎರಡನ್ನೂ ತಮ್ಮದೆಂದುಕೊಂಡಿದ್ದಾರೆ. ನಮ್ಮಲ್ಲಿ ಇಂಥದ್ದು ಇರಲಿಲ್ಲವೇ? ಸೊಪ್ಪಿನ ಬೆಟ್ಟ ಅದೇ. ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆಯ ತನಕ ಬೆಟ್ಟದ ಸೌಲಭ್ಯ, ಸೊಪ್ಪು ದರಕು ತರಬಹುದು, ಮರದ ಒಡೆತನ ಇಲ್ಲ. ಹಕ್ಕು ಮತ್ತು ಮಿತಿ ಎರಡನ್ನೂ ಒಟ್ಟಿಗೆ ಪಾಲಿಸಿದ ಜನ ನಾವು. ಎಲ್ಲ ಬೆಟ್ಟವೂ ಚೆನ್ನಾಗಿ ಉಳಿಯಿತೆಂದು ಹೇಳುವುದಿಲ್ಲ, ಸವರಿ ಬೋಳಿಸಿದ ಬೆಟ್ಟಗಳೂ ಇವೆ. ಆದರೆ ನಮ್ಮ ಸಂಸ್ಕೃತಿಯಲ್ಲೇ ಇಲ್ಲ ಎನ್ನುವುದು ಸುಳ್ಳು. ಇದೇ ಸೀಮೆಯ ಸಿದ್ದಿಯರು ಪರಿಶಿಷ್ಟ ಪಂಗಡವೆಂದು ಕಾಗದದ ಮೇಲೆ ಗುರುತಿಸಿಕೊಳ್ಳಲು 2003ರ ತನಕ ಕಾಯಬೇಕಾಯಿತು, ಕುಣಬಿಯರು ಇನ್ನೂ ಕೇಳುತ್ತಲೇ ಇದ್ದಾರೆ. ಕಾಡಿನೊಳಗೆ ಬದುಕುವವರ ಹಕ್ಕಿನ ವಿಷಯದಲ್ಲಿ ಅಲ್ಲಿಂದ ಕಲಿಯುವುದಿದ್ದರೆ ಬೇಕಾದಷ್ಟಿದೆ, ಆದರೆ ಆ ಪಾಠವನ್ನು ಯಾರೂ ಫೋಟೋದ ಜೊತೆ ತಂದಂತಿಲ್ಲ. ಉಂಬಳ, ಜಿಟಿಜಿಟಿ ಮಳೆ ಎಂದು ಮೂಗು ಮುರಿಯುವವರಿಗೆ ಒಂದೇ ಮಾತು: ಲ್ಯಾಪ್‌ಲ್ಯಾಂಡಿನ ಬೇಸಿಗೆಯ ಸೊಳ್ಳೆಗಳನ್ನು ಸಹಿಸಿ ಬಂದ ಮೈಗೆ ಉಂಬಳ ದೊಡ್ಡದಾಗಬಾರದು.

ಮೂರನೆಯದು ನನಗೆ ಎಲ್ಲಕ್ಕಿಂತ ಗಂಭೀರವೆನಿಸುವ ಆಕ್ಷೇಪ. ಊರಿನಲ್ಲಿ ದುಡಿಮೆ ಇಲ್ಲ, ಹುಡುಗರು ನಿಲ್ಲುತ್ತಿಲ್ಲ, ಉತ್ತರ ಯುರೋಪಿನ ಹಾಗೆ ಇಲ್ಲಿಯೂ ಪ್ರವಾಸೋದ್ಯಮ ಬೆಳೆದರೆ ತಪ್ಪೇನು ಎಂಬುದು ಅದು. ಹೋಂಸ್ಟೇ ನಡೆಸಿ ಮನೆ ಉಳಿಸಿಕೊಂಡವರ ಬಗ್ಗೆ ನನಗೆ ಗೌರವವಿದೆ. ಆದರೆ ಆ ಯುರೋಪನ್ನೇ ಪೂರ್ತಿ ನೋಡಿ ಎನ್ನುತ್ತೇನೆ. ರೊವಾನಿಯೆಮಿಯಲ್ಲಿ ಊರಿನವರೇ ಅತಿ ಪ್ರವಾಸದ ವಿರುದ್ಧ ಬೀದಿಗೆ ಇಳಿದಿದ್ದಾರೆ, ವಾಸದ ಮನೆಗಳೆಲ್ಲ ಬಾಡಿಗೆ ಕೋಣೆಗಳಾದರೆ ನಾವೆಲ್ಲಿ ಇರೋಣ ಎಂಬುದು ಅವರ ದೂರು. ನಾರ್ವೆಯ ಸಂಸತ್ತು 2025ರಲ್ಲಿ ಕಾಯಿದೆ ಮಾಡಿ, ಒತ್ತಡ ಹೆಚ್ಚಿರುವ ಊರುಗಳ ಸ್ಥಳೀಯ ಆಡಳಿತ ತಂಗುವ ಪ್ರವಾಸಿಗಳಿಂದ ಶೇ 3ರಷ್ಟು ತೆರಿಗೆ ಎತ್ತಬಹುದೆಂದಿತು. ತೆರಿಗೆ ಬೇಕೋ ಬೇಡವೋ ಎಂದು ತೀರ್ಮಾನಿಸುವವರು ಊರಿನವರು. ಇಲ್ಲಿ ಜಲಪಾತದ ದಾರಿಗೆ ಡಾಂಬರು ಬೇಕೋ, ಮಳೆಗಾಲದಲ್ಲಿ ಮುಚ್ಚಬೇಕೋ, ದಿನಕ್ಕೆ ಎಷ್ಟು ಗಾಡಿ ಬಿಡಬೇಕೋ ಎಂಬುದನ್ನು ವಜ್ರಳ್ಳಿಯ ಗ್ರಾಮಸಭೆ ತೀರ್ಮಾನಿಸುವ ದಿನ ಬರಲಿ, ಆಗ ಪ್ರವಾಸೋದ್ಯಮಕ್ಕೆ ನನ್ನ ವಿರೋಧವಿಲ್ಲ. ಹಕ್ಕು ಇಲ್ಲದೆ ಬರುವ ಪ್ರವಾಸಿ ಊರಿನವರನ್ನು ತಮ್ಮ ನೆಲದಲ್ಲೇ ಕಾವಲುಗಾರರನ್ನಾಗಿ ಮಾಡುತ್ತಾನೆ.

ನಾರ್ವೆ ಎಣ್ಣೆಯ ಹಣದ ಶ್ರೀಮಂತ ದೇಶ, ಅದಕ್ಕೂ ನಮಗೂ ಎಲ್ಲಿಯ ಹೋಲಿಕೆ ಎಂದೂ ಕೇಳಬಹುದು. ಶ್ರೀಮಂತಿಕೆ ತಾನಾಗಿ ನ್ಯಾಯ ತರುವುದಿಲ್ಲ ಎಂಬುದಕ್ಕೆ ಅದೇ ದೇಶ ಸಾಕ್ಷಿ. ನಾರ್ವೆಯ ನಡುಭಾಗದ ಫೋಸೆನ್‌ನಲ್ಲಿ ಸಾಮಿಗಳ ಮೇವಿನ ನೆಲದಲ್ಲಿ ಕಟ್ಟಿದ ಗಾಳಿಯಂತ್ರಗಳ ಪರವಾನಗಿ ಅಸಿಂಧು ಎಂದು ಅಲ್ಲಿಯ ಸುಪ್ರೀಂ ಕೋರ್ಟು 2021ರ ಅಕ್ಟೋಬರ್‌ನಲ್ಲಿ ತೀರ್ಪಿತ್ತಿತು. ತೀರ್ಪಿನ ಮೇಲೂ ಯಂತ್ರಗಳು ತಿರುಗುತ್ತಲೇ ಇದ್ದವು. 2023ರಲ್ಲಿ ಸಾಮಿ ಯುವಜನ ಮತ್ತೆ ಓಸ್ಲೋಗೆ ಬಂದು ಸಚಿವಾಲಯದ ಬಾಗಿಲಲ್ಲಿ ಕೂತರು. ಅವರ ಅಪ್ಪ–ಅಮ್ಮಂದಿರ ತಲೆಮಾರು 1979ರಲ್ಲಿ ಕೂತ ಹಾಗೆಯೇ. ಆಲ್ತಾದ ನೆನಪನ್ನು ಮನೆಮನೆಯಲ್ಲಿ ಹೇಳಿಕೊಂಡು ಬಂದದ್ದರಿಂದ ಆ ಮಕ್ಕಳಿಗೆ ಎಲ್ಲಿ ಹೋಗಿ ಕೂರಬೇಕೆಂದು ಗೊತ್ತಿತ್ತು.

ಮುಂದಿನ ಜೂನ್‌ನಲ್ಲಿ ಉತ್ತರದ ತುದಿಗೆ ಹೊರಡುವವರ ಹೆಚ್ಚಿನ ಬಸ್ಸುಗಳು ಆಲ್ತಾದಿಂದ ಮೇಲಕ್ಕೆ, ನೂರ್‌ಕಾಪ್ ಬಂಡೆಯ ಕಡೆ ತಿರುಗುತ್ತವೆ. ಆಲ್ತಾದಿಂದಲೇ ದಕ್ಷಿಣಕ್ಕೆ, ಕೌಟೊಕೈನೊ ಕಡೆಗೆ ಹೋಗುವ ಹೆದ್ದಾರಿಯೂ ಇದೆ. ದಾರಿಯ ನಡುವೆ ಮಾಝೆ ಸಿಗುತ್ತದೆ. ಮುಳುಗಬೇಕಿದ್ದ ಆ ಹಳ್ಳಿಯಲ್ಲಿ ಈಗಲೂ ಮನೆಗಳಿವೆ, ಜನರಿದ್ದಾರೆ, ನದಿ ಪಕ್ಕದಲ್ಲೇ ಹರಿಯುತ್ತದೆ. ವಜ್ರಳ್ಳಿಯ ಅಜ್ಜ ಮೊಮ್ಮಗಳನ್ನು ಅಲ್ಲಿ ಇಳಿಸಿ, ಬೇಡ್ತಿಗೆ ಅಣೆಕಟ್ಟು ಬರುತ್ತದೆಂದು ಶಿರಸಿಯಲ್ಲಿ ಸಭೆ ಸೇರಿದ ವರ್ಷಗಳಲ್ಲೇ ಇವರೂ ಎದ್ದು ನಿಂತಿದ್ದರು ಎಂದು ಹೇಳಲಿ. ಆಮೇಲೆ ಅವಳು ಕೇಳುವ ಪ್ರಶ್ನೆಗಳಿಗೆ ಅಲ್ಲಿಯೇ, ಆ ನದಿಯ ದಡದಲ್ಲೇ, ಉತ್ತರ ಕೊಡಲಿ.